ನಾಲ್ಕು ಗಂಟೆ ಒಣಗಿಸಬೇಕು

ಮೊದಲು ಮೂಟೆಯೊಳಗೆ ಕೈ ಹಾಕು, ಜಬೀನಾ.
ಸಾಬಕ್ಕಿಯಲ್ಲ, ಹಾಗೆ ಕಾಣುತ್ತೆ ಅಷ್ಟೆ.
ಯಾವ ದೇಶದ್ದೋ, ಮೂಟೆಯ ಮೇಲೆ ಬರೆದಿದೆ,
ನಮಗೆ ಬೇಕಾದ್ದು ಕೊನೆಯ ಸಾಲು:
ನೂರಿಪ್ಪತ್ತು ಡಿಗ್ರಿ, ನಾಲ್ಕು ಗಂಟೆ.

ಹೆಸರು ಉದ್ದ. ಪಾಲಿಬ್ಯುಟಿಲೀನ್ ಟೆರೆಫ್ತಾಲೇಟ್.
ಎರಡು ಸಲ ಹೇಳಿದರೆ ನಾಲಿಗೆಯೇ ಅಚ್ಚಿನಲ್ಲಿ ಸಿಕ್ಕಿಕೊಳ್ಳುತ್ತೆ.
ಪಿಬಿಟಿ ಅನ್ನು, ಸಾಕು.
ನೀನು ಹೊದ್ದ ದುಪಟ್ಟಾ, ಬಸ್ಸಲ್ಲಿ ಕುಡಿದೆಸೆದ ಬಾಟಲಿ,
ಎರಡೂ ಇದರ ದೊಡ್ಡಪ್ಪನ ಮಕ್ಕಳು.
ಸ್ವಭಾವ ಬೇರೆ.
ಅವು ಹರಳುಗಟ್ಟಲು ಹತ್ತು ಸಲ ಯೋಚಿಸುತ್ತವೆ,
ಇದಕ್ಕೆ ಆ ವ್ಯವಧಾನವಿಲ್ಲ:
ಇನ್ನೂರೈವತ್ತರಲ್ಲಿ ಜೇನಿನ ಹಾಗೆ ಒಳಗೆ ಹರಿದದ್ದು
ಇಪ್ಪತ್ತೆರಡು ಸೆಕೆಂಡಿಗೆ ಗಟ್ಟಿಯಾಗಿ
ಟಕ್ ಎಂದು ತಟ್ಟೆಗೆ ಬೀಳುತ್ತೆ.
ನಿನಗೆ ಆಕಳಿಸಲೂ ಬಿಡುವುದಿಲ್ಲ.

ನೂರರಲ್ಲಿ ಮೂವತ್ತು ಪಾಲು ಗಾಜಿನ ನಾರು.
ಅದಕ್ಕೇ ಈ ತುರಿಕೆ, ಮೊಣಕೈತನಕ.
ಮನೆಗೆ ಹೋಗಿ ಅಕ್ಕನ ಮಗು ಎತ್ತುವ ಮೊದಲು
ತಣ್ಣೀರಲ್ಲಿ ತೊಳಿ.
ನಾರು ಹರಿದ ದಿಕ್ಕಿಗೆ ಬಿಗಿ, ಅಡ್ಡಕ್ಕೆ ಕುಗ್ಗು,
ಅಗಲವಾದ ತುಂಡು ಹಪ್ಪಳದಂತೆ ಸೊಟ್ಟಗಾಗುತ್ತೆ.
ಒತ್ತಿ ನೇರ ಮಾಡಲು ಹೋಗಬೇಡ,
ಅಚ್ಚಿನ ಬಿಸಿ ನೋಡು. ತಪ್ಪು ಅಲ್ಲಿರುತ್ತೆ.

ಕಾರಿನ ಫ್ಯೂಸ್ ಪೆಟ್ಟಿಗೆ, ಹೆಡ್‌ಲೈಟಿನ ಚೌಕಟ್ಟು, ರಿಲೇಯ ಕವಚ,
ಗಾಜಿಲ್ಲದ್ದಾದರೆ ಹಲ್ಲುಜ್ಜುವ ಬ್ರಷ್ಷಿನ ಕೂದಲು,
ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ ಕುಟ್ಟುವ ಕೀಲಿಮಣೆಯ ಗುಂಡಿ.
ಪೆಟ್ರೋಲ್ ಸುರಿ, ಊದಿಕೊಳ್ಳದು.
ಕರೆಂಟ್ ಹತ್ತಿರ ಬಂದು ಹಿಂದಕ್ಕೆ ಹೋಗುತ್ತೆ,
ಸೂತಕದ ಮನೆಯ ಬಾಗಿಲಿಂದ ಹೋದ ಹಾಗೆ.
ಅಂಜಿಕೆ ಒಂದಕ್ಕೇ.

ನೀರು.
ತಣ್ಣೀರಲ್ಲ; ಬೆಂಕಿಯ ಜೊತೆ ಸೇರಿಕೊಂಡ ನೀರು.
ಕಟ್ಟುವಾಗ ಹೊರಗೆ ದಬ್ಬಿದ್ದನ್ನು
ಅದು ಮರೆತಿಲ್ಲ.
ಹನಿಯಲ್ಲ, ಹನಿಯ ನೆನಪಿನಷ್ಟು ಸಾಕು,
ಬ್ಯಾರೆಲ್ಲಿಗೆ ನುಸುಳಿ
ಕೊಂಡಿ ಕೊಂಡಿಯಾಗಿ ಸರಪಳಿ ಬಿಚ್ಚುತ್ತೆ.
ಮೇಲೆ ಮಾತ್ರ ಅದೇ ಹೊಳಪು, ಅದೇ ತೂಕ.

ಆ ಜುಲೈ, ನೀನಿನ್ನೂ ಆಲೂರಲ್ಲಿ ಶಾಲೆಗೆ ಹೋಗ್ತಿದ್ದೆ.
ಮೂರು ದಿನದಿಂದ ಸೋನೆ, ರಾತ್ರಿ ಪಾಳಿ,
ಎರಡು ಸಲ ಕರೆಂಟ್ ಹೋಗಿ ಬಂತು.
ಬೆಳಿಗ್ಗೆ ಆರಕ್ಕೆ ಹೊಸೂರಿನ ಲಾರಿ ಗೇಟಿಗೆ ಬರಬೇಕು.
ಸಣ್ಣತಮ್ಮೇಗೌಡರು, ಒಳ್ಳೆಯವರೇ, ಗಡಿಯಾರ ನೋಡಿದರು:
“ಎರಡು ಗಂಟೆ ಒಣಗೈತಲ್ಲ, ಸುರೀರಿ ಹಾಪರ್‌ಗೆ.”
ಸುರಿದದ್ದು ನಾನು.
ಈ ಕೈ.

ಮೂರು ಸಾವಿರದ ಆರುನೂರು ಕನೆಕ್ಟರ್,
ಎಳೆಮಗುವಿನ ಹೊಸ ಹಲ್ಲಿನಷ್ಟು ಬಿಳುಪು.
ಪರೀಕ್ಷೆಯ ಮೇಜಿನಲ್ಲಿದ್ದ ಫಿಲೋಮಿನಾ
ಒಂದನ್ನೆತ್ತಿ ಅದರ ಕೊಕ್ಕೆಯನ್ನು ಹೆಬ್ಬೆರಳಲ್ಲಿ ಮೀಟಿದಳು.
ಚಕ್ಕುಲಿ ಮುರಿದ ಸದ್ದು.
ಇನ್ನೊಂದು. ಅದೇ ಸದ್ದು.
ಹತ್ತಕ್ಕೆ ಏಳು.
ಠಸ್ಸೆಯನ್ನು ಡ್ರಾಯರಿಗೆ ಹಾಕಿ, ಬೀಗ ತಿರುಗಿಸಿ,
ಕೀಲಿಯನ್ನು ಟಿಫನ್ ಡಬ್ಬಿಯಲ್ಲಿ
ಉಪ್ಪಿನಕಾಯಿ ಪಕ್ಕ ಇಟ್ಟುಕೊಂಡಳು.
ಲಾರಿ ಎಂಟೂವರೆತನಕ ಹಾರನ್ ಹೊಡೆದು
ಖಾಲಿ ಹೋಯಿತು.

ಆ ತಿಂಗಳ ಬೋನಸ್ ಯಾರಿಗೂ ಬರಲಿಲ್ಲ.
ಎರಡು ವಾರ ಅವಳ ಜೊತೆ ಯಾರೂ ಊಟಕ್ಕೆ ಕೂರಲಿಲ್ಲ.
ನಾನೂ.

ಮೊನ್ನೆ ಎನ್.ಆರ್. ಸರ್ಕಲ್ಲಿನ ಮಳೆಯಲ್ಲಿ
ನಾನಿದ್ದ ಆಟೋ ನಿಂತುಹೋಯಿತು.
ಡ್ರೈವರ್ ಸೀಟೆತ್ತಿ ಒಂದು ಕನೆಕ್ಟರ್ ಕಿತ್ತು,
ಅಂಗಿಯ ತುದಿಯಲ್ಲಿ ಒರೆಸಿ, ಉಫ್ ಎಂದು ಊದಿ, ಮತ್ತೆ ಒತ್ತಿದ.
ಕೊಕ್ಕೆ ಕಟಕ್ ಎಂದು ಕೂತಿತು.
ಮುರಿಯಲಿಲ್ಲ.
ನಮ್ಮದೋ ಪುಣೆಯದೋ, ಅದರ ಮೇಲೆ ಹೆಸರಿರುವುದಿಲ್ಲ.
“ಎಲ್ಲಿಗೆ ಅಂದ್ರಿ ಅಕ್ಕಾ?” ಅಂದ.
ನನಗೆ ತಕ್ಷಣ ನೆನಪಾಗಲಿಲ್ಲ.

ಅದಿರಲಿ. ಮುಚ್ಚಳ ಮುಚ್ಚು, ತೇವ ಹೀರುತ್ತೆ.
ಗಂಟೆ ಬರೆದುಕೋ: ಹತ್ತೂ ಐದು.
ಹನ್ನೆರಡಕ್ಕೆ ಯಾರಾದರೂ ಬಂದು ‘ಆಯ್ತಾ’ ಅಂದರೆ,
ಗೌಡರಾಗಲಿ, ನಾನೇ ಆಗಲಿ,
ಎರಡೂ ಐದರವರೆಗೆ
ನಿನಗೆ ಕಿವಿ ಕೇಳಿಸದು.